ಹಳೆಯ ಸಾಮಾನು, ಹೊಸ ಜಗಳ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕೆಲಸ ಬದಲಾದಂತೆ ಮನೆಯೂ ಬದಲಾಗುತ್ತದೆ. ಮಂಚ, ಫ್ರಿಜ್ಜುಗಳು ಅಂತರ್ಜಾಲದ ಮೂಲಕ ಅಪರಿಚಿತರ ಕೈ ಸೇರುತ್ತವೆ. ಹಿಂದೆ ಹಳೆಯ ಸಾಮಾನು ಕೊಳ್ಳುವವರು ನೆರೆಯವರನ್ನು ವಿಚಾರಿಸಿ ಮಾರುವವರನ್ನು ನಂಬುತ್ತಿದ್ದರು. ಈಗ ನೆರೆಯವರ ಸ್ಥಾನದಲ್ಲಿರುವುದು ಹಿಂದಿನ ಗಿರಾಕಿಗಳು ಬರೆದಿಟ್ಟ ಅಭಿಪ್ರಾಯ. ಆದುದರಿಂದ ಅದರ ಕುರಿತ ಜಗಳವನ್ನು ಕ್ಷುಲ್ಲಕವೆನ್ನಲಾಗದು.

ಅಮೆರಿಕದ ಈಬೇ ಸಂಸ್ಥೆ 1996ರಲ್ಲಿ ಈ ಪದ್ಧತಿಯನ್ನು ಆರಂಭಿಸಿತು. ಕೊಂಡವರು, ಮಾರಿದವರು ಪರಸ್ಪರ ಅಂಕ ಕೊಡಬಹುದಿತ್ತು. ಕ್ರಮೇಣ 'ನೀನು ದೂರಿದರೆ ನಾನೂ ದೂರುವೆ' ಎಂಬ ಸೇಡು ಹುಟ್ಟಿ, ಮೋಸಹೋದವರೂ ಹೆದರಿ ಸುಮ್ಮನಾದರು. ಕಡೆಗೆ 2008ರಲ್ಲಿ, ಮಾರುವವರು ಕೊಳ್ಳುವವರಿಗೆ ಪ್ರತಿಕೂಲ ಅಂಕ ಕೊಡುವುದನ್ನೇ ಸಂಸ್ಥೆ ನಿಷೇಧಿಸಿತು. 2004ರಲ್ಲಿ ಬಾಝೀ ಡಾಟ್ ಕಾಮ್ ಅನ್ನು ಕೊಂಡು ಭಾರತಕ್ಕೆ ಬಂದ ಈಬೇಯ ಇಲ್ಲಿನ ತಾಣ 2018ರಲ್ಲಿ ಮುಚ್ಚಿತು; ಅದು ಕಲಿಸಿದ ಪಾಠ ಉಳಿದಿದೆ.

ಮಾರುವವರಿಗೂ ಅನ್ಯಾಯವಾಗುವುದುಂಟು. ಗೀರಿದೆಯೆಂದು ಮೊದಲೇ ಚಿತ್ರಸಹಿತ ತಿಳಿಸಿದ್ದರೂ, 'ಹಣ ಇಳಿಸದಿದ್ದರೆ ಕೆಟ್ಟದಾಗಿ ಬರೆಯುವೆ' ಎಂದು ಬೆದರಿಸುವವರಿದ್ದಾರೆ. ಅದಕ್ಕೆ ಮದ್ದು ಪ್ರತಿನಿಂದೆಯಲ್ಲ, ದಾಖಲೆ. ಚಿತ್ರ, ಸಂದೇಶ, ರಸೀದಿಗಳನ್ನು ಕಾದಿಟ್ಟು, ನಡೆದದ್ದನ್ನು ಒಮ್ಮೆ ಮಾತ್ರ, ಶಾಂತವಾಗಿ ಬರೆದರೆ ಸಾಕು, ಓದುವವರು ದಡ್ಡರಲ್ಲ.

ಕೊಂಡವರಿಗೂ ಕರ್ತವ್ಯವುಂಟು. ಮೊದಲು ಮಾರಿದವರೊಡನೆ ಮಾತನಾಡಬೇಕು. ಬಗೆಹರಿಯದಿದ್ದರೆ ತಾಣದ ದೂರು ಅಧಿಕಾರಿಗೆ ಬರೆಯಬೇಕು. 2020ರ ಇ-ವಾಣಿಜ್ಯ ನಿಯಮಗಳಂತೆ ಅವರು 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಮೇಲೆ ಬರೆಯುವುದಾದರೆ ವಸ್ತುವಿನ ದೋಷವನ್ನು ಬರೆಯಲಿ, ಮನುಷ್ಯರ ಜಾತಕವನ್ನಲ್ಲ. ತಕರಾರು ತೀರಿದ ಬಳಿಕ ಬರೆದದ್ದನ್ನು ತಿದ್ದಲಿ.

ಸಾವಿರಾರು ಉತ್ತರಪತ್ರಿಕೆ ತಿದ್ದಿದ ಮೇಷ್ಟರ ಮಾತಿದು: ಸಿಟ್ಟಿನಲ್ಲಿ ಕೊಟ್ಟ ಅಂಕವೂ, ಹೆದರಿ ಕೊಟ್ಟ ಅಂಕವೂ ಮುಂದಿನವರಿಗೆ ಸುಳ್ಳು ದಾರಿಯನ್ನೇ ತೋರಿಸುತ್ತವೆ.