ಯಂತ್ರ ಸೋವಿ, ಪುಡಿ ದುಬಾರಿ!



ಕಳೆದ ಸಲ ಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವ ಬಗೆ ಹೇಳಿದ್ದೆ. ಈ ಸಲ ಅದೇ ಬಾಟಲಿಗೆ ಅಂಟಿಸುವ ಲೇಬಲ್ಲಿನ ಕಥೆ. ನಗಬೇಡಿ, ಹೋದ ಮಳೆಗಾಲದಲ್ಲಿ ಅದರಿಂದ ನನ್ನ ಮಾನ ಹೋಗುವುದೊಂದು ಬಾಕಿ!

ನಮ್ಮ ಶಿರಸಿ ಮಳೆ ಗೊತ್ತಲ್ಲ. ಮಗನ ಇಂಕ್ ಪ್ರಿಂಟರಿನಲ್ಲಿ ತೆಗೆದ ಲೇಬಲ್ ಒದ್ದೆ ಕೈ ತಾಗಿದ್ದೇ ತಡ, ಕುಂಕುಮ ಕಲಸಿದ ಹಾಗಾಯ್ತು. ಹತ್ತು ಬಾಟಲಿ ಒಯ್ದ ಗಿರಾಕಿ, "ತಾರೀಖೇ ಕಾಣೋದಿಲ್ಲ, ಹಳೇ ಮಾಲು ಕೊಟ್ರಾ?" ಅಂದುಬಿಟ್ಟರು. ರಾತ್ರಿ ನಿದ್ದೆ ಹತ್ತಲಿಲ್ಲ.

"ಅಮ್ಮಾ, ಬಣ್ಣದ ಲೇಸರ್ ಪ್ರಿಂಟರ್ ತಗೋ" ಎಂದ ಮಗ. ಅದರಲ್ಲಿ ಶಾಯಿಯಿಲ್ಲ, ಟೋನರ್ ಎಂಬ ನುಣ್ಣನೆ ಪ್ಲಾಸ್ಟಿಕ್ ಪುಡಿ. ಅದನ್ನು ಬಿಸಿಯಲ್ಲಿ ಕರಗಿಸಿ, ಇಸ್ತ್ರಿ ಮಾಡಿದ ಹಾಗೆ ಕಾಗದಕ್ಕೆ ಒತ್ತುತ್ತದೆ. ನೀರು ತಾಗಿದರೆ ಕದಡದು. ತಿಂಗಳು ಬಿಟ್ಟು ಬಳಸಿದರೂ ಇಂಕಿನಂತೆ ಒಣಗಿ ಕಟ್ಟಿಕೊಳ್ಳದು.

ಸಂಘದಲ್ಲಿ ಕೂಡಿಟ್ಟ ಹಣ ತೆಗೆದುಕೊಂಡು ಹೊರಟೆವು. ಅಂಗಡಿಯವರು ಎಲ್ಲಕ್ಕಿಂತ ಸೋವಿಯದನ್ನು ಮುಂದಿಟ್ಟರು. ನಮ್ಮವರೂ "ಇದೇ ಸಾಕಲ್ಲ" ಎಂದರು. ನಾನು, "ಪುಡಿಯ ಡಬ್ಬಿಗೆ ಎಷ್ಟು?" ಅಂತ ಕೇಳಿದೆ. ಒಂದಲ್ಲ, ನಾಲ್ಕು ಡಬ್ಬಿ ಬೇಕಂತೆ: ಕಪ್ಪು, ಹಳದಿ, ತಿಳಿನೀಲಿ, ಕಡುಗುಲಾಬಿ. ನಾಲ್ಕೂ ಕೂಡಿದರೆ ಹೆಚ್ಚುಕಮ್ಮಿ ಯಂತ್ರದ ಬೆಲೆಯೇ ಆಯ್ತು!

ನೀವೂ ಹೀಗೆ ಲೆಕ್ಕ ಹಾಕಿ. ಡಬ್ಬಿಗೆ 4,000 ರೂಪಾಯಿ, 1,000 ಪುಟ ಬರುತ್ತದೆ ಅಂತಿಟ್ಟುಕೊಳ್ಳಿ. ಪುಟಕ್ಕೆ 4 ರೂಪಾಯಿ, ನಾಲ್ಕು ಬಣ್ಣಕ್ಕೆ 16. ಆ 1,000 ಪುಟವೂ ಒಂದೊಂದು ಬಣ್ಣ ಕಾಗದದ ನೂರಕ್ಕೆ 5 ಭಾಗದಷ್ಟು ಮಾತ್ರ ಬಿದ್ದರೆ. ತುಂಬಾ ಬಣ್ಣ ಹಾಕಿದರೆ ಬೇಗ ಖಾಲಿ. ಯಂತ್ರದ ಜೊತೆ ಬರುವ ಡಬ್ಬಿಗಳಲ್ಲಿ ಅನೇಕ ಸಲ ಪುಡಿಯೂ ಕಡಿಮೆ. ಹಾಗಾಗಿ ಯಂತ್ರಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಪುಟದ ಖರ್ಚು ಕಡಿಮೆ ಬೀಳುವುದನ್ನೇ ತಂದೆ. ಒಂದು ಹಾಳೆಗೆ ನನಗೆ 12 ಲೇಬಲ್ ಸಿಗುತ್ತವೆ. ತಿಂಗಳಿಗೆ ನಾಲ್ಕೇ ಹಾಳೆ ಬೇಕಾದವರು ಜೆರಾಕ್ಸ್ ಅಂಗಡಿಗೇ ಹೋಗಿ, ಈ ಉಸಾಬರಿ ಬೇಡ.

ಇನ್ನು ವೈಫೈ. ಪ್ರಿಂಟರೂ ಫೋನೂ ಮನೆಯ ಒಂದೇ ವೈಫೈಗೆ ಸೇರಿದರೆ ಅಡುಗೆಮನೆಯಿಂದಲೇ ಲೇಬಲ್ ತೆಗೆಯಬಹುದು. ಆದರೆ ಎಷ್ಟೋ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ, ಕೊಳ್ಳುವಾಗಲೇ ಕೇಳಿ. ಹಳೇ ಮನೆಯ ದಪ್ಪ ಗೋಡೆ ದಾಟುವಾಗ ಸಿಗ್ನಲ್ ಸೋಲುತ್ತದೆ. ನಾವು ಮೊದಲು ಒಳಕೋಣೆಯಲ್ಲಿಟ್ಟು ಪೇಚಾಡಿ, ಆಮೇಲೆ ಜಗಲಿಗೆ ತಂದೆವು.

ಮೂರು ಎಚ್ಚರಿಕೆ: ಕಾಯುವಾಗ ಇದು ಬಹಳ ಕರೆಂಟು ಎಳೆಯುತ್ತದೆ, ಚಿಕ್ಕ ಯುಪಿಎಸ್‌ಗೆ ಜೋಡಿಸಬೇಡಿ. ಲೇಸರಿಗೆಂದೇ ಮಾಡಿದ ಲೇಬಲ್ ಹಾಳೆ ಕೊಳ್ಳಿ. ಬೇರೆಯದಾದರೆ ಒಳಗೇ ಕರಗಿ ಅಂಟೀತು. ಮಳೆಗಾಲದಲ್ಲಿ ಕಾಗದವನ್ನು ಹಪ್ಪಳದಂತೆ ಗಾಳಿಯಾಡದ ಡಬ್ಬಿಯಲ್ಲಿಡಿ, ತಂಡಿ ಹಿಡಿದರೆ ಸಿಕ್ಕಿಕೊಳ್ಳುತ್ತದೆ.

ಮೊನ್ನೆ ಅದೇ ಗಿರಾಕಿ ಬಂದಿದ್ದರು. ಬಾಟಲಿ ತಿರುಗಿಸಿ ತಾರೀಖು ಓದಿ, ಒದ್ದೆ ಬೆರಳಿನಿಂದ ಉಜ್ಜಿಯೂ ನೋಡಿ, "20 ಕೊಡಿ" ಎಂದರು. ನಮ್ಮವರೋ, ಈಗ ಮಿಕ್ಸರ್ ನೋಡಲು ಹೋದರೂ ಮೊದಲು ಕೇಳುವುದು, "ಬರೀ ಜಾರಿಗೆ ಎಷ್ಟು?"