ಇ-ಪುಸ್ತಕಗಳ ರೂಪ ಬದಲಾವಣೆ: ನಮ್ಮ ಪೂಜಾ ಪುಸ್ತಕಗಳ ಫೈಲುಗಳು ಎಲ್ಲಿವೆ?



ಕಿಂಡಲ್‌ಗಾಗಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ತಂತಿಯಿಂದ ಸಾಗಿಸುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ನಿಲ್ಲಿಸಿತು. ಇದಕ್ಕೆ ಮುಂಚೆ, 2022ರಲ್ಲಿ, ಓದುಗರು ಕಳಿಸುವ ಮೊಬಿ ಫೈಲುಗಳನ್ನು ಕೈಬಿಟ್ಟು ಇಪಬ್ ಫೈಲುಗಳನ್ನು ಸ್ವೀಕರಿಸುವುದಾಗಿ ತಿಳಿಸಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಹಣ ವಾಪಸು ಬಂತು, ಪುಸ್ತಕಗಳು ಹೋದವು. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಮಾರಾಟ ಎನ್ನುವುದಿಲ್ಲ, ಬಾಡಿಗೆ ಎನ್ನುತ್ತಾರೆ.

ನಮ್ಮ ಬಸದಿಗಳು, ಟ್ರಸ್ಟುಗಳು ಹೊರತಂದ ಪೂಜಾ ಪುಸ್ತಕ, ವ್ರತವಿಧಾನ, ಪಂಚಕಲ್ಯಾಣದ ಸ್ಮರಣ ಸಂಚಿಕೆಗಳಿಗೆ ಯಾವ ಕಂಪನಿಯೂ ಬೀಗ ಹಾಕಿಲ್ಲ. ಆದರೂ ಅವು ಬೀಗದೊಳಗೇ ಇವೆ. ಬಹುಪಾಲು ಪಿಡಿಎಫ್ ಆಗಿ ವಾಟ್ಸಾಪಿನಲ್ಲಿ ಓಡಾಡುತ್ತವೆ. ಪಿಡಿಎಫ್ ಎಂದರೆ ಮುದ್ರಣದ ಪುಟದ ನಕಲು. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಎಂಬುದಷ್ಟೇ ಅದಕ್ಕೆ ಮುಖ್ಯ. ಫೋನಿನಲ್ಲಿ ಸ್ವಾಧ್ಯಾಯ ಮಾಡುವ ಹಿರಿಯರು ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ, ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಇಪಬ್‌ನಲ್ಲಿ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ.

ಹಾಗಾದರೆ ಪರಿವರ್ತಿಸಿದರಾಯಿತಲ್ಲ? ಭಾರತೀಯ ಮೂಲದ ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ, ಉಚಿತವಾಗಿ ಸಿಗುವ ಕ್ಯಾಲಿಬರ್ ತಂತ್ರಾಂಶ ಆ ಕೆಲಸಕ್ಕೆಂದೇ ಇದೆ. ಮೊಬಿ, ವರ್ಡ್ ಫೈಲುಗಳನ್ನು ಚೆನ್ನಾಗಿಯೇ ಇಪಬ್ ಮಾಡುತ್ತದೆ. ಕನ್ನಡದ ಹಳೆಯ ಪಿಡಿಎಫ್ ಕೊಟ್ಟರೆ ಮಾತ್ರ ಚುಕ್ಕೆ-ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಅದು ಕ್ಯಾಲಿಬರಿನ ದೋಷವಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದಾಗ ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನೊಳಗೆ ಕೂರುವುದು ಇಂಗ್ಲಿಷ್ ಸಂಕೇತ. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಆದ್ದರಿಂದ ಮೊದಲು ಬೆರಳಚ್ಚಿನ ಮೂಲ ಫೈಲನ್ನು ಯೂನಿಕೋಡಿಗೆ ತರಬೇಕು, ಆಮೇಲೆ ಇಪಬ್.

ಅಲ್ಲಿಗೂ ಮುಗಿಯುವುದಿಲ್ಲ. ಯಂತ್ರ ಪರಿವರ್ತಿಸಿದ್ದನ್ನು ಬಲ್ಲವರೊಬ್ಬರು ಕೂತು ಓದಲೇಬೇಕು. ಅರ್ಕಾವೊತ್ತು ಸ್ಥಳ ಬಿಡುತ್ತದೆ, ಒತ್ತಕ್ಷರ ಒಡೆಯುತ್ತದೆ. ಸ್ಕ್ಯಾನ್ ಮಾಡಿದ ಪುಟವಾದರೆ ಧರ್ಮ ದರ್ಮವಾಗಬಹುದು, ಭವ್ಯ ಬವ್ಯವಾಗಬಹುದು. ಸ್ಮರಣ ಸಂಚಿಕೆಯ ಜಾಹೀರಾತಿನಲ್ಲಿ ಇದನ್ನು ಸಹಿಸಬಹುದು, ಮಂತ್ರದಲ್ಲಿ ಸಹಿಸಲಾಗದು. ಹಳಗನ್ನಡ ಗ್ರಂಥವಾದರೆ ೞ, ಱ ಉಳಿದಿವೆಯೇ ಎಂದು ಬೇರೆಯಾಗಿ ನೋಡಬೇಕು. (ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬ ನಿಯಮದಿಂದ ಹಾಗೇ ಉಳಿದಿದೆ.)

ರೂಪ ಬದಲಾವಣೆ ನಮಗೆ ಹೊಸದಲ್ಲ. ಧವಲಾ ಟೀಕೆ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಯ ಮೇಲೆ ಹಳಗನ್ನಡ ಲಿಪಿಯಲ್ಲಿ ಉಳಿಯಿತು, ಅಲ್ಲಿಂದ ಕಾಗದಕ್ಕೆ, ನಾಗರಿ ಲಿಪಿಗೆ ಬಂತು, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಒಟ್ಟು 16 ಸಂಪುಟಗಳು. ನಕಲಿನ ನಕಲಿನಲ್ಲಿ ನುಸುಳಿದ ತಪ್ಪುಗಳನ್ನು ಮುಂದೆ ತಾಳೆಗರಿಯೊಂದಿಗೆ ಹೋಲಿಸಿ ತಿದ್ದಲು ಸಾಧ್ಯವಾದದ್ದು ಮೂಲ ಪ್ರತಿ ಉಳಿದಿದ್ದರಿಂದ. ನಾವೋ ಪಿಡಿಎಫ್ ಕೈಗೆ ಬಂದ ಕೂಡಲೇ ಮೂಲ ಫೈಲನ್ನು ಮರೆಯುತ್ತೇವೆ. ಅದು ಅಚ್ಚುಕೂಟದ ಯಾವುದೋ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ರೂಪದಲ್ಲಿ ಇರುತ್ತದೆ. ಆ ತಂತ್ರಾಂಶಕ್ಕೆ 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಕೊನೆ. ಅಚ್ಚುಕೂಟ ಮುಚ್ಚಿದರೆ, ಕಂಪ್ಯೂಟರ್ ಕೆಟ್ಟರೆ, ಇನ್ನೊಮ್ಮೆ ಅಷ್ಟನ್ನೂ ಬೆರಳಚ್ಚು ಮಾಡಬೇಕು.

ಹಕ್ಕಿನ ಮಾತೂ ಇದೆ. ನಮ್ಮ ದೇಶದಲ್ಲಿ ಲೇಖಕರ ನಿಧನದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಶಾಸ್ತ್ರದಾನವೆಂದು ಹೇಳಿ ಇನ್ನೊಬ್ಬರ ಅನುವಾದವನ್ನು ಕೇಳದೆ ಇಪಬ್ ಮಾಡಿ ಹಂಚುವುದು ಅಚೌರ್ಯಕ್ಕೆ ಒಪ್ಪುವ ಕೆಲಸವಲ್ಲ. ಕೇಳಿದರೆ ಬಹುಮಂದಿ ಸಂತೋಷದಿಂದ ಕೊಡುತ್ತಾರೆ.

ಶ್ರುತಪಂಚಮಿಗೆ ಬಸದಿಯ ಗ್ರಂಥಗಳ ಧೂಳು ಒರೆಸಿ ಹೊಸ ಬಟ್ಟೆ ಸುತ್ತುತ್ತೇವೆ. ಅದೇ ದಿನ ಟ್ರಸ್ಟಿನವರು ಫೈಲುಗಳನ್ನೂ ತೆರೆದು ನೋಡಲಿ. ಯೂನಿಕೋಡ್ ಪಠ್ಯ ಒಂದು, ಇಪಬ್ ಒಂದು, ಪಿಡಿಎಫ್ ಒಂದು, ಜೊತೆಗೆ ಬೆರಳಚ್ಚಿನ ಮೂಲ ಫೈಲ್. ಇವನ್ನು ಎರಡು ಬೇರೆ ಊರುಗಳಲ್ಲಿ ಇಡಲಿ. ಹೊಸ ಪುಸ್ತಕವಾದರೆ ಅಚ್ಚುಕೂಟದ ಬಿಲ್ಲು ಪಾವತಿಸುವ ಮೊದಲೇ ಮೂಲ ಫೈಲ್ ಕೇಳಿ ಪಡೆಯಿರಿ. ಬಿಲ್ಲು ಪಾವತಿಯಾದ ಮೇಲೆ ಕೇಳಿದರೆ ಹುಡುಕಿ ಕೊಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.