ಕೂಸಿನ ಮಾತಿಗೆ ಮರುಮಾತು

ಒಂದನೇ ಇಯತ್ತೆಗೆ ಬರುವ ಮಕ್ಕಳಲ್ಲಿ ಕೆಲವರು ಕಥೆಯನ್ನೇ ಹೇಳಿಬಿಡುತ್ತಾರೆ. ಇನ್ನು ಕೆಲವರಿಗೆ ನೀರು ಬೇಕೆಂದು ಕೇಳಲೂ ಮಾತು ಸಾಲದು. ಅಂಥವರಿಗೆ ನಾವು ಬೇಗನೆ ‘ದಡ್ಡ’ ಎಂಬ ಹಣೆಪಟ್ಟಿ ಹಚ್ಚುತ್ತೇವೆ. ಕೊರತೆ ಇರುವುದು ಹಲವು ಸಲ ಬುದ್ಧಿಯಲ್ಲಲ್ಲ, ಮೊದಲ ಮೂರು ವರ್ಷಗಳಲ್ಲಿ ಮನೆಯವರು ಅವರೊಡನೆ ಆಡಿದ ಮಾತಿನಲ್ಲಿ.

ಅಮೆರಿಕದ ಕ್ಯಾನ್ಸಸ್‌ನಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಎಂಬವರು 42 ಕುಟುಂಬಗಳ ಮಾತುಕತೆಯನ್ನು ತಿಂಗಳಿಗೊಮ್ಮೆ ದಾಖಲಿಸಿ, 1995ರಲ್ಲಿ ಪ್ರಕಟಿಸಿದರು. ಓದಿದ ನೌಕರರ ಮನೆಗಳಲ್ಲಿ ಕೂಸು ತಾಸಿಗೆ ಸುಮಾರು 2,150 ಶಬ್ದ ಕೇಳುತ್ತಿತ್ತು. ಕಡುಬಡವರ ಮನೆಗಳಲ್ಲಿ ಸುಮಾರು 620. ಹಾಗಾದರೆ ಬಡವರ ಮಕ್ಕಳ ಗತಿ ಇಷ್ಟೇ ಎಂದುಕೊಳ್ಳಬೇಕಿಲ್ಲ. 2018ರಲ್ಲಿ ಎಂ.ಐ.ಟಿ. ವಿಜ್ಞಾನಿಗಳು 4ರಿಂದ 6 ವರ್ಷದ 36 ಮಕ್ಕಳನ್ನು ಪರೀಕ್ಷಿಸಿದರು. ಮನೆಯಲ್ಲಿ ಮಾತು-ಮರುಮಾತು ಹೆಚ್ಚು ನಡೆದಷ್ಟೂ ಮೆದುಳಿನ ಭಾಷಾಭಾಗ ಹೆಚ್ಚು ಚುರುಕಾಗಿತ್ತು. ಮನೆಯ ಆದಾಯ ಎಷ್ಟೇ ಇದ್ದರೂ ಈ ಸಂಬಂಧ ಕಂಡಿತು.

ನಮ್ಮ ಕಡೆಯ ಹಳ್ಳಿಗಳನ್ನೇ ನೋಡಿರಿ. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ತಾಯಿ ಹೊತ್ತು ಏರುವ ಮುನ್ನ ಹೊಲಕ್ಕೆ ಹೋಗುತ್ತಾಳೆ. ಕೂಸು ಅಜ್ಜಿಯ ಬಳಿ ಉಳಿಯುತ್ತದೆ. ಅದು ಕರುವಿನತ್ತ ಬೆರಳು ಮಾಡಿ ‘ಅಂಬಾ’ ಎಂದರೆ, ಅಜ್ಜಿ ‘ಹೌದಪಾ, ಅದು ನಮ್ಮ ಆಕಳ ಕರ, ಹುಲ್ಲು ತಿನ್ನಾಕ ಹತ್ತೈತಿ ನೋಡು’ ಎನ್ನುತ್ತಾಳೆ. ಕೂಸಿನ ಒಂದು ಶಬ್ದಕ್ಕೆ ಪೂರ್ಣ ವಾಕ್ಯದ ಮರುಮಾತು ಸಿಕ್ಕಿತು. ಇದಕ್ಕಿಂತ ದೊಡ್ಡ ಪಾಠವಿಲ್ಲ. ಇದಕ್ಕೆ ಅಕ್ಷರವೂ ಬೇಡ, ಹಣವೂ ಬೇಡ.

ಅಜ್ಜಿಯಿಲ್ಲದ ಮನೆಯಲ್ಲಿ ಈಗ ಆ ಜಾಗಕ್ಕೆ ಮೊಬೈಲು ಬಂದಿದೆ. ಅದು ಮಾತಾಡುತ್ತದೆ, ಆದರೆ ಕೂಸಿನ ಮಾತು ಕೇಳಿ ಉತ್ತರಿಸುವುದಿಲ್ಲ. 2003ರಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಅಮೆರಿಕದ 9 ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕುಳಿತು ಮಾತಾಡಿದಾಗ ಅವು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಪರದೆಯಲ್ಲಿ ತೋರಿಸಿದಾಗ ಕಲಿಯಲಿಲ್ಲ.

ಕಲಘಟಗಿಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಅಂಗನವಾಡಿಯ ಮಾತು ಕನ್ನಡ. ಅಲ್ಲಿ ಸುಮ್ಮನೆ ಕುಳಿತ ಮಗುವಿಗೆ ಮಾತೇ ಬಾರದೆಂದು ತಿಳಿಯುವುದು ತಪ್ಪು. ಕನ್ನಡ ಬರಲೆಂದು ತಾಯಿ ತನ್ನ ಭಾಷೆ ಬಿಡಬೇಕಿಲ್ಲ. ಮನೆಮಾತು ಗಟ್ಟಿಯಾದಷ್ಟೂ ಎರಡನೆಯದಕ್ಕೆ ಬುನಾದಿ ಸಿಗುತ್ತದೆ. ಕಾರ್ಯಕರ್ತೆ ನಾಲ್ಕು ಲಂಬಾಣಿ ಶಬ್ದ ಕಲಿತರೆ ಮಗುವಿನ ಬಾಯಿ ಬೇಗ ಬಿಚ್ಚುತ್ತದೆ.

ಪಾಲಕರಿಗೆ ಇನ್ನೊಂದು ಮಾತು. ಕರೆದರೆ ತಿರುಗಿ ನೋಡದ, ಒಂದೂವರೆ ವರ್ಷಕ್ಕೂ ಒಂದು ಶಬ್ದ ಆಡದ, ಎರಡು ವರ್ಷಕ್ಕೂ ಎರಡು ಶಬ್ದ ಕೂಡಿಸದ ಮಗುವನ್ನು ವೈದ್ಯರಿಗೆ ತೋರಿಸಿ ಕಿವಿ ಪರೀಕ್ಷೆ ಮಾಡಿಸಬೇಕು. ಸೋದರ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂದು ಕಾಯುತ್ತ ಕುಳಿತರೆ ಭಾಷೆ ಸುಲಭವಾಗಿ ಬರುವ ವಯಸ್ಸು ದಾಟಿಹೋಗುತ್ತದೆ. ಕಿವಿ ಸರಿಯಿದ್ದ ಮಗುವಿಗೆ ರೊಟ್ಟಿ ಬಡಿಯುವಾಗ, ಮೈ ತೊಳೆಯುವಾಗ ಆಡುವ ಮಾತೇ ಸಾಕು. ಅದು ಏನಾದರೂ ಅಂದಾಗ ಕೈಲಿದ್ದ ಕೆಲಸ ಬಿಡದೆಯೂ ಮರುಮಾತು ಕೊಡಬಹುದು.